ಉಚಿತದ ಔಚಿತ್ಯ

ದಸರೆ ಹತ್ತಿರವಾಯಿತೆಂಬುದು ನಮ್ಮ ಮನೆಯಲ್ಲಿ ಪಂಚಾಂಗಕ್ಕಿಂತ ಮೊದಲು ದಿನಪತ್ರಿಕೆಯ ತೂಕದಿಂದ ತಿಳಿಯುತ್ತದೆ. ಸುದ್ದಿಯನ್ನು ಹುಡುಕಲು ಮೂರು ಪುಟ ಮಗುಚಬೇಕು. ಆ ಮೂರರಲ್ಲಿಯೂ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್‌ಗಳು 990ಕ್ಕೆ ಮುಗಿಯುವ ಬೆಲೆಗಳನ್ನು ಎದೆಯ ಮೇಲೆ ಹೊತ್ತು ಸಾಲಾಗಿ ನಿಂತಿರುತ್ತವೆ. ಹೋದ ವರ್ಷ ಅಂಥದೊಂದು ಪುಟದಲ್ಲಿ, 250 ಲೀಟರಿಗಿಂತ ದೊಡ್ಡ ಫ್ರಿಜ್ ಕೊಂಡವರಿಗೆ ಇಂಡಕ್ಷನ್ ಒಲೆ ಉಚಿತವೆಂದು ಅಂಗೈಯಗಲದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಹದಿನಾಲ್ಕು ವರ್ಷ ದುಡಿದ ನಮ್ಮ ಫ್ರಿಜ್ ರಾತ್ರಿಯ ಹೊತ್ತು ಗೊರಕೆ ಹೊಡೆಯತೊಡಗಿದ್ದರಿಂದ ನಾನು ಹೊರಡಲು ಸಿದ್ಧನಾದೆ. ಹೆಂಡತಿ ಆ ಜಾಹೀರಾತನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗಿಟ್ಟಳು. ಅಂಗಡಿಗೆ ಹೋಗುವವನಿಗೆ ದುಡ್ಡು ಸಾಲದೆ, ಪತ್ರಿಕೆಯ ಚೂರೂ ಬೇಕೇ ಎಂದು ನಾನು ನಕ್ಕಿದ್ದೆ.

ಫ್ರಿಜ್ ಮರುದಿನವೇ ಮನೆಗೆ ಬಂದಿತು, ಒಲೆ ಬರಲಿಲ್ಲ. ಮೊದಲ ಸಲ ವಿಚಾರಿಸಲು ಹೋದಾಗ, ‘ಕಂಪನಿಯಿಂದ ಬರಬೇಕು ಸರ್, ಬಂದ ತಕ್ಷಣ ಫೋನ್ ಮಾಡ್ತೀವಿ’ ಎಂದು ಕೌಂಟರಿನ ಹುಡುಗ ನನ್ನ ನಂಬರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡ. ಎರಡನೆಯ ಸಲ ಹೋದಾಗ ಆ ಕ್ಯಾಲೆಂಡರಿನ ಹಾಳೆಯನ್ನೇ ಹರಿದುಹಾಕಲಾಗಿತ್ತು. ಮೂರನೆಯ ಸಲ ನಾನು ಬಾಗಿಲು ದಾಟುವುದರೊಳಗೆ ಹುಡುಗರೆಲ್ಲರೂ ತಮ್ಮ ತಮ್ಮ ಟಿವಿಗಳನ್ನು ಒರೆಸುವುದರಲ್ಲಿ ಮಗ್ನರಾದರು.

ಕೊಟ್ಟ ಹಣಕ್ಕೆ ಸಲ್ಲಬೇಕಾದುದನ್ನು ಕೇಳಲು ಹೋದವನು ಮೂರನೆಯ ಭೇಟಿಯ ಹೊತ್ತಿಗೆ ದಾನ ಬೇಡಲು ಬಂದವನಂತೆ ಕಾಣತೊಡಗುವುದು ‘ಉಚಿತ’ ಎಂಬ ಪದದ ಮಹಿಮೆಯೇ ಇರಬೇಕು. ಕನ್ನಡದಲ್ಲಿ ಈ ಪದ ತಕ್ಕದ್ದು, ಯೋಗ್ಯವಾದದ್ದು ಎಂಬ ಅರ್ಥವನ್ನೂ ಪುಕ್ಕಟೆ ಎಂಬ ಅರ್ಥವನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಅಂಗಡಿಯವರು ಎರಡನೆಯ ಅರ್ಥದಲ್ಲಿ ಅಚ್ಚು ಹಾಕಿಸಿದ್ದನ್ನು ನಾನು ಮೊದಲನೆಯ ಅರ್ಥದಲ್ಲಿ ಕೇಳುತ್ತಿದ್ದೆ. ಅದೇ ಫ್ರಿಜ್ ಮುಂದಿನ ಬೀದಿಯಲ್ಲಿ ಎಂಟುನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಒಲೆಯ ಆಸೆಗೆ ಇಲ್ಲಿ ಕೊಂಡಿದ್ದೆ. ಅಂದಮೇಲೆ ಒಲೆಯ ಬೆಲೆಯಲ್ಲಿ ಎಂಟುನೂರನ್ನು ನಾನು ಆಗಲೇ ತೆತ್ತಂತಾಯಿತಲ್ಲ! ಆದರೂ ನೂಕುನುಗ್ಗಲಿನ ನಡುವೆ ನಿಂತು ‘ನನ್ನ ಒಲೆ’ ಎಂದು ಹೇಳುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು.

ಕೊನೆಗೆ ಮ್ಯಾನೇಜರ್ ಸಾಹೇಬರ ದರ್ಶನವಾಯಿತು. ಅವರು ನನ್ನ ಕೈಯಿಂದ ಜಾಹೀರಾತಿನ ಚೂರನ್ನು ಪಡೆದು, ‘ಉಚಿತ’ದ ತಲೆಯ ಮೇಲಿದ್ದ ನಕ್ಷತ್ರವೊಂದನ್ನು ಪೆನ್ನಿನ ತುದಿಯಿಂದ ತೋರಿಸಿದರು. ಅದರ ಜೋಡಿ ನಕ್ಷತ್ರ ಪುಟದ ಬುಡದಲ್ಲಿತ್ತು. ಅಲ್ಲಿ ಇರುವೆಯ ಸಾಲಿನಂತಿದ್ದ ಗೆರೆಯನ್ನು ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದಾಗ, ದಾಸ್ತಾನು ಇರುವವರೆಗೆ ಮಾತ್ರ ಎಂಬ ಷರತ್ತು ಇಂಗ್ಲಿಷಿನಲ್ಲಿ ಹೊರಬಿದ್ದಿತು. ಆಸೆ ಹುಟ್ಟಿಸಲು ಕನ್ನಡ, ನುಣುಚಿಕೊಳ್ಳಲು ಇಂಗ್ಲಿಷ್!

ಸಂಜೆ ಎದುರುಮನೆಯ ವಕೀಲರು ಅದನ್ನು ಬಹಳ ಹೊತ್ತು ದೀಪಕ್ಕೆ ಹಿಡಿದು ನೋಡಿ, ಸಂತೋಷಪಟ್ಟರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಷರತ್ತು ಜಾಹೀರಾತಿನ ಭಾಷೆಯಲ್ಲಿಯೇ ಇರಬೇಕು, ಅದರ ಅಕ್ಷರಶೈಲಿಯೂ (ಫಾಂಟ್) ಜಾಹೀರಾತಿನದೇ ಆಗಿರಬೇಕು; ಬರಬಹುದಾದ ಬೇಡಿಕೆಗೆ ಸಾಕಾಗುವಷ್ಟು ಸರಕು ಇಲ್ಲದಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಎಂದು ಅವರು ವಿವರಿಸಿದರು. 5 ಲಕ್ಷ ರೂಪಾಯಿವರೆಗಿನ ವಸ್ತುವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲವಂತೆ. ಒಂದು ಒಲೆಗಾಗಿ ವ್ಯಾಜ್ಯವೇ ಎಂದು ನಾನು ಹಿಂಜರಿದಾಗ, ಹಾಗಾದರೆ ಮೊದಲು 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಎಂದರು.

ಆ ಕರೆಯನ್ನು ನಾನು ಅಂಗಡಿಯ ಕೌಂಟರಿನ ಮುಂದೆ ನಿಂತುಕೊಂಡೇ ಮಾಡಿದೆ. ಈ ಸಲ ದನಿ ತಗ್ಗಲಿಲ್ಲ. ದೂರಿನ ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆದುಕೊಳ್ಳಲು ಪೆನ್ನು ಕೇಳಿದಾಗ ಮ್ಯಾನೇಜರರೇ ತಮ್ಮ ಜೇಬಿನದನ್ನು ಕೊಟ್ಟರು. ಹತ್ತು ನಿಮಿಷದೊಳಗೆ, ಮುಗಿದುಹೋಗಿದ್ದ ದಾಸ್ತಾನಿನಿಂದ ಒಂದು ಒಲೆ ಮಾಳಿಗೆಯಿಂದ ಇಳಿದು ಬಂದಿತು. ಪೆಟ್ಟಿಗೆಯ ಮೇಲೆ ದೂಳು ಎಷ್ಟಿತ್ತೆಂದರೆ, ಅದು ದಸರೆಗೆ ಮುಂಚಿನಿಂದಲೂ ಅಲ್ಲಿಯೇ ಕುಳಿತಿತ್ತೆಂದು ಯಾರಾದರೂ ಹೇಳಬಹುದಿತ್ತು. ಬಿಲ್ಲಿನಲ್ಲಿ ಅದರ ಎದುರು 0.00 ಎಂದು ಬರೆದುಕೊಟ್ಟರು.

ಪೆಟ್ಟಿಗೆಯನ್ನು ಸ್ಕೂಟರಿನವರೆಗೆ ಹೊತ್ತು ತಂದವನು ಕ್ಯಾಲೆಂಡರಿನ ಅಂಚಿನಲ್ಲಿ ನನ್ನ ನಂಬರ್ ಬರೆದುಕೊಂಡಿದ್ದ ಹುಡುಗನೇ. ಹಗ್ಗ ಬಿಗಿದು ಕಟ್ಟಿದ ಮೇಲೂ ಹೋಗದೆ ನಿಂತಿದ್ದ. ಭಕ್ಷೀಸಿಗೆ ಇರಬಹುದೆಂದು ನಾನು ಜೇಬಿಗೆ ಕೈಹಾಕಿದಾಗ ಅವನು ತಲೆಯಾಡಿಸಿ, ಅಂಗಡಿಯತ್ತ ಒಮ್ಮೆ ತಿರುಗಿ ನೋಡಿ, ಮೆಲ್ಲಗೆ ಹೇಳಿದ: ‘ಆ ಪೇಪರ್ ಕಟಿಂಗ್ ನಿಮಗೆ ಬೇಡವಾದ್ರೆ ಕೊಡಿ ಸರ್. ನಮ್ಮ ಮಾವನೂ ಇಲ್ಲೇ ಫ್ರಿಜ್ ತಗೊಂಡಿದ್ರು.’ ನಾನು ಚೂರನ್ನು ಹೊರತೆಗೆದು, ಹೆಂಡತಿ ಮಡಿಸಿದ್ದ ಗೆರೆಗಳ ಮೇಲೆಯೇ ಮತ್ತೆ ಮಡಿಸಿ ಅವನ ಕೈಗೆ ಕೊಟ್ಟೆ.