ಟೋಕನ್ ಕೊಡುವ ಮೊದಲು ನಿಮ್ಮದೇ ವಕೀಲರನ್ನು ಹಿಡಿಯಿರಿ

ಮನೆಯೋ ಸೈಟೋ ಫ್ಲ್ಯಾಟೋ ಕೊಳ್ಳಲು ಹೊರಟವರು ಸಿಕ್ಕಾಗಲೆಲ್ಲ ನಾನು ಹೇಳುವುದು ಒಂದೇ ಮಾತು. ಟೋಕನ್ ಅಡ್ವಾನ್ಸ್ ಕೊಡುವ ಮೊದಲು, ನೀವೇ ಹುಡುಕಿಕೊಂಡ, ನೀವೇ ಫೀಸು ಕೊಡುವ ಒಬ್ಬ ಸಿವಿಲ್ ವಕೀಲರಿಗೆ ಎಲ್ಲ ಕಾಗದಪತ್ರ ತೋರಿಸಿ. ಬ್ರೋಕರ್ ಕರೆದುಕೊಂಡು ಬಂದ ಲಾಯರ್ ಬೇಡ, ಬಿಲ್ಡರ್ ಆಫೀಸಿನಲ್ಲಿ ಕೂತಿರುವ ಲಾಯರ್ ಬೇಡ, ಬ್ಯಾಂಕಿನ ಲಾಯರ್ ಒಬ್ಬರನ್ನೇ ನಂಬಿಕೊಳ್ಳುವುದೂ ಬೇಡ.

ತಕ್ಷಣ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ. "ಪೇಪರ್ಸ್ ಎಲ್ಲ ಪಕ್ಕಾ ಇದೆಯಂತೆ. ಇಸಿ ಕ್ಲಿಯರ್ ಇದೆ, ಖಾತಾ ಇದೆ, ಲೋನೂ ಆಗುತ್ತಂತೆ. ಹೇಗಿದ್ರೂ ರಿಜಿಸ್ಟರ್ ಮಾಡಿಸ್ತೀವಲ್ಲ?" ಓದಿದವರು, ದೊಡ್ಡ ಕಂಪನಿಗಳಲ್ಲಿ ದುಡಿಯುವವರು, ಒಂದು ಫೋನ್ ಕೊಳ್ಳಲು ವಾರಗಟ್ಟಲೆ ರಿವ್ಯೂ ಓದುವವರು ಹೀಗೆ ಹೇಳಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಆ ರಿಜಿಸ್ಟ್ರೇಷನ್ ವಿಷಯ. ಸಬ್ ರಿಜಿಸ್ಟ್ರಾರ್ ಮುಂದೆ ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿ ಬಂದರೆ ಆಸ್ತಿ ನಮ್ಮದಾಯಿತು ಎಂದು ನಾವೆಲ್ಲ ನಂಬಿದ್ದೇವೆ. ಆ ಕಚೇರಿ ದಾಖಲಿಸಿಕೊಳ್ಳುವುದು ಪತ್ರವನ್ನು. ಮಾರುವವನಿಗೆ ಮಾರುವ ಹಕ್ಕಿತ್ತೇ ಎಂದು ತೀರ್ಮಾನಿಸುವುದು 1908ರ ನೋಂದಣಿ ಕಾಯ್ದೆಯ ಪ್ರಕಾರ ಅದರ ಕೆಲಸವೇ ಅಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು. ಹಕ್ಕಿಲ್ಲದವನು ಬರೆದುಕೊಟ್ಟ ಕ್ರಯಪತ್ರಕ್ಕೂ ಅಲ್ಲಿ ಮೊಹರು ಬೀಳುತ್ತದೆ, ಮುದ್ರಾಂಕ ಶುಲ್ಕವೂ ಸಂದಾಯವಾಗುತ್ತದೆ. ಇಂಗ್ಲೆಂಡಿನಲ್ಲಿ ಮನೆ ಕೊಂಡ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಭೂ ನೋಂದಣಿ ಕಚೇರಿಯಲ್ಲಿ ಹೆಸರು ಬಂದರೆ ಆ ಹಕ್ಕಿಗೆ ಸರ್ಕಾರವೇ ಹೊಣೆ. ಅಂಥ ವ್ಯವಸ್ಥೆ ಇದ್ದೂ ಅಲ್ಲಿ ಕೊಳ್ಳುವವರಿಗೊಬ್ಬ ಸಾಲಿಸಿಟರ್, ಮಾರುವವರಿಗೆ ಬೇರೊಬ್ಬ ಸಾಲಿಸಿಟರ್ ಇರುತ್ತಾರೆ, ಇಬ್ಬರ ನಡುವೆ ಪತ್ರ ವ್ಯವಹಾರ ತಿಂಗಳುಗಟ್ಟಲೆ ನಡೆಯುತ್ತದೆ. ಸರ್ಕಾರದ ಹೊಣೆಯೇ ಇಲ್ಲದ ನಮ್ಮಲ್ಲಿ ಬ್ರೋಕರ್ ಮಾತೇ ಸಾಕು ಅಂದುಕೊಂಡುಬಿಡುತ್ತೇವೆ.

ಇನ್ನು ಇಸಿ, ಅಂದರೆ ಋಣಭಾರ ಪತ್ರ. ಅದರಲ್ಲಿ ಕಾಣುವುದು ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳು ಮಾತ್ರ. ಬಿಳಿ ಹಾಳೆಯ ಮೇಲೆ ಬರೆದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ವಿಭಾಗದ ದಾವೆ, ಪೆಟ್ಟಿಗೆಯಲ್ಲಿ ಮಡಚಿಟ್ಟ ವಿಲ್ ಅದರಲ್ಲಿ ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಲಭವಾಗಿ ಸಿಗುವುದೂ 2004ರಿಂದ ಈಚಿನ ವಿವರ. ಅದಕ್ಕೂ ಹಿಂದಿನದು ಬೇಕೆಂದರೆ ಕಚೇರಿಗೆ ಹೋಗಿ ಹಳೆಯ ಪುಸ್ತಕ ತೆಗೆಸಬೇಕು. ಒಳ್ಳೆಯ ವಕೀಲರು ಮೂವತ್ತು ವರ್ಷದ್ದಾದರೂ ತರಿಸದೆ ಬಾಯಿ ಬಿಡುವುದಿಲ್ಲ. ಖಾತಾ ಇರುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕೆಂದು ತಿಳಿಯಲು. ಎ ಖಾತಾ ಇರಲಿ, ಇ-ಖಾತಾ ಇರಲಿ, ಅದು ಮಾಲೀಕತ್ವದ ಪತ್ರವಲ್ಲ ಎಂದು ಕೋರ್ಟುಗಳು ಎಷ್ಟು ಸಲ ಹೇಳಿದರೂ ಜನರ ಕಿವಿಗೆ ಬಿದ್ದಿಲ್ಲ.

ಬ್ಯಾಂಕಿನವರು ಲೀಗಲ್ ಮಾಡಿಸುತ್ತಾರೆ, ನಿಜ. ಆ ಫೀಸನ್ನು ಸಾಮಾನ್ಯವಾಗಿ ನಿಮ್ಮಿಂದಲೇ ತೆಗೆದುಕೊಳ್ಳುತ್ತಾರೆ. ಆದರೆ ಆ ವಕೀಲರ ಕಕ್ಷಿದಾರ ಬ್ಯಾಂಕು. ಅವರ ಪ್ರಶ್ನೆ ಈ ಸಾಲಕ್ಕೆ ಈ ಆಸ್ತಿ ಅಡಮಾನವಾಗಿ ಸಾಕೇ ಎಂಬುದು. ನೀವು ಕಟ್ಟಿದ ಮುಂಗಡ ಏನಾಗುತ್ತದೆ, ಕರಾರಿನಲ್ಲಿ ನಿಮಗೆ ಯಾವ ರಕ್ಷಣೆ ಇದೆ ಎಂಬುದನ್ನು ಅವರು ನೋಡಬೇಕಾಗಿಲ್ಲ. ನಾಳೆ ಹಕ್ಕಿನ ತಕರಾರು ಎದ್ದು ಮನೆ ಕೈತಪ್ಪಿದರೂ ಇಎಂಐ ನಿಲ್ಲುವುದಿಲ್ಲ.

ನಮ್ಮಲ್ಲಿ ಆಸ್ತಿ ಕೆಡುವ ದೊಡ್ಡ ಜಾಗ ಯಾವುದೆಂದರೆ ಅಕ್ಕತಂಗಿಯರ ಸಹಿ ಇಲ್ಲದ ಪತ್ರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಮ್ಮ ಸಂಬಂಧಿಕರೊಬ್ಬರು ತುಮಕೂರು ರಸ್ತೆಯ ಕಡೆ ಒಂದು ಸೈಟು ಕೊಂಡರು. ಮಾರಿದವರು ಇಬ್ಬರು ಅಣ್ಣತಮ್ಮಂದಿರು. ಪಹಣಿ, ಮ್ಯುಟೇಶನ್, ಖಾತಾ, ಇಸಿ ಎಲ್ಲ ಅವರ ಹೆಸರಿನಲ್ಲೇ ಇತ್ತು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. ಮನೆ ಕಟ್ಟಿ ಗೃಹಪ್ರವೇಶವಾದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ಮಾರಿದವರ ಅಕ್ಕ ತನ್ನ ಪಾಲು ಕೇಳಿ ದಾವೆ ಹೂಡಿದ್ದರು. ಆಕೆಯನ್ನು ಬೈದವರೇ ಹೆಚ್ಚು. ನಾನು ಬೈಯಲಾರೆ. ಕೇಳಿದ್ದು ಆಕೆಯ ಪಾಲು, ಕೇಳುವ ಹಕ್ಕು ಆಕೆಗಿತ್ತು. ವಂಶವೃಕ್ಷ ಬರೆಸುವಾಗ ಅಕ್ಕನ ಹೆಸರು ನುಂಗಿದ ತಮ್ಮಂದಿರು ಮಾಡಿದ್ದು ಅನ್ಯಾಯ. ಅದನ್ನು ಹಿಡಿಯಬಲ್ಲ ಒಬ್ಬ ವಕೀಲರು ಕೊಳ್ಳುವವರ ಕಡೆ ಇರಲಿಲ್ಲ.

ಕಾನೂನು ಇಲ್ಲಿ ಬಹಳ ದಿನದಿಂದ ಸ್ಪಷ್ಟವಾಗಿದೆ. ತಂದೆಯ ಸ್ವಯಾರ್ಜಿತ ಆಸ್ತಿಯಾಗಿದ್ದು, ವಿಲ್ ಬರೆಯದೆ ಅವರು ತೀರಿಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿ ತಂದು, ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಒಂದು ವಿನಾಯಿತಿಯೂ ಇದೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಮಾರಾಟವಾಗಿದ್ದರೆ ಅಥವಾ ನೋಂದಾಯಿತ ವಿಭಾಗಪತ್ರವಾಗಿದ್ದರೆ ಈ ತಿದ್ದುಪಡಿ ಅದನ್ನು ಕದಲಿಸುವುದಿಲ್ಲ. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಮೂವತ್ತು ವರ್ಷದ ಕಾಗದಗಳನ್ನು ತಿಥಿಪ್ರಕಾರ ಜೋಡಿಸಿ, ಎಲ್ಲಿ ಯಾರ ಸಹಿ ಬೇಕಿತ್ತು, ಯಾರದು ಬಿದ್ದಿಲ್ಲ ಎಂದು ಹೇಳುವುದು ಬ್ರೋಕರ್ ಕೈಲಾಗುವ ಕೆಲಸವೇ? ಪತ್ರ ಬರಹಗಾರರ ಕೈಲೂ ಆಗುವುದಿಲ್ಲ. ಅವರು ಚೆಕ್ಕುಬಂದಿಯನ್ನು, ಅಂದರೆ ಆಸ್ತಿಯ ನಾಲ್ಕೂ ಕಡೆಯ ಗಡಿಯನ್ನು, ತಪ್ಪಿಲ್ಲದೆ ಬರೆದುಕೊಟ್ಟರೆ ಅದೇ ಹೆಚ್ಚು.

ಇನ್ನೊಂದು, ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. 2023ರ ತಿದ್ದುಪಡಿಯ ನಂತರ, ಜಮೀನು ವಾಪಸ್ ಕೇಳಿ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಬಡವರ ಭೂಮಿ ಉಳಿಸಲು ಬಂದ ಆ ಕಾಯ್ದೆ ನನಗೆ ಸರಿಯೆಂದೇ ತೋರುತ್ತದೆ. ಆದರೆ ಅಂಥ ಜಮೀನನ್ನು ಲೇಔಟ್ ಮಾಡಿ ಮಾರಿದವರು ದುಡ್ಡು ಎಣಿಸಿಕೊಂಡು ಹೋಗಿರುತ್ತಾರೆ, ಸಿಕ್ಕಿಬೀಳುವವರು ಕಡೆಯಲ್ಲಿ ಸೈಟು ಕೊಂಡ ಸಂಸಾರಸ್ಥರು. ಅದಕ್ಕೇ ಕಾಗದದ ಬೇರು ಮೂಲ ಮಂಜೂರಾತಿಯವರೆಗೆ ಹೋಗಬೇಕು. ನಡುವೆ ಎಲ್ಲಾದರೂ ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಕೈ ಬದಲಾಗಿದ್ದರೆ ಅಲ್ಲೇ ನಿಲ್ಲಿ. ಜಿಪಿಎಯಿಂದ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ.

ಫ್ಲ್ಯಾಟ್ ಕೊಳ್ಳುವವರಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಕೊಂಚ ಆಸರೆ. ನೋಂದಾಯಿತ ಕರಾರು ಆಗುವ ಮುಂಚೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಜಮೀನಿನ ಹಕ್ಕಿನಲ್ಲೇ ದೋಷವಿದ್ದು ನಷ್ಟವಾದರೆ ಪರಿಹಾರ ಕೊಡಬೇಕು, ಅದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ. ಆದರೂ ಆ ದಪ್ಪ ಕರಾರನ್ನು ಬರೆದವರು ಬಿಲ್ಡರ್ ವಕೀಲರು ಎಂಬುದು ನೆನಪಿರಲಿ.

ಖರ್ಚಿನ ಮಾತಿಗೆ ಬರೋಣ. 60 ಲಕ್ಷದ ಮನೆಗೆ ಶೇ. 5ರಂತೆ ಮುದ್ರಾಂಕ ಶುಲ್ಕವೇ 3 ಲಕ್ಷ. ಅದರ ಮೇಲೆ ಸೆಸ್, ಸರ್ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ, ಅದು 1.2 ಲಕ್ಷ. ಬ್ರೋಕರ್‌ಗೆ ಶೇ. 1 ಎಂದರೂ 60 ಸಾವಿರ. ಇಷ್ಟನ್ನೂ ಚಕಾರವೆತ್ತದೆ ಕೊಡುವವರು ವಕೀಲರ ಫೀಸಿನ ಕೆಲವು ಸಾವಿರಕ್ಕೆ ಚೌಕಾಸಿ ಮಾಡುತ್ತಾರೆ. ಒಡವೆ ಅಂಗಡಿಯಲ್ಲಿ ಹಾಲ್‌ಮಾರ್ಕ್ ನೋಡದೆ ಒಂದು ಜೊತೆ ಓಲೆ ಕೊಳ್ಳದ ನಮ್ಮ ಅಮ್ಮಂದಿರ ಎಚ್ಚರ ಇಲ್ಲಿ ಯಾಕೆ ಬರುವುದಿಲ್ಲವೋ!

ವಕೀಲರನ್ನು ಆರಿಸುವಾಗ ಆಸ್ತಿ ಇರುವ ತಾಲ್ಲೂಕಿನ ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವರನ್ನು ನೋಡಿ. ಯಾವ ಹೋಬಳಿಯ ಯಾವ ಸರ್ವೆ ನಂಬರಿನಲ್ಲಿ ಗಲಾಟೆ ಇದೆ ಎಂಬುದು ಅವರಿಗೆ ಗೊತ್ತಿರುವ ಸಾಧ್ಯತೆ ಹೆಚ್ಚು. ಮಾರುವವರ ಹೆಸರಿನಲ್ಲಿ ದಾವೆ ಇದೆಯೇ ಎಂದು ಕೋರ್ಟಿನಲ್ಲೂ ಇ-ಕೋರ್ಟ್ಸ್ ತಾಣದಲ್ಲೂ ಹುಡುಕಿಸಿ. ದಾವೆ ನಡೆಯುತ್ತಿರುವಾಗ ಕೊಂಡರೆ ಅದರ ತೀರ್ಪು ನಿಮಗೂ ಅನ್ವಯಿಸುತ್ತದೆ. ಅಭಿಪ್ರಾಯವನ್ನು ಬಾಯಿಮಾತಿನಲ್ಲಿ ಪಡೆಯಬೇಡಿ, ಯಾವ ಯಾವ ಪತ್ರ ನೋಡಿದರು ಎಂಬ ಪಟ್ಟಿ ಸಮೇತ ಸಹಿ ಮಾಡಿಸಿಕೊಳ್ಳಿ. "ಸಾರ್, ನಾಳೆ ಬೇರೆ ಪಾರ್ಟಿ ಬರ್ತಾರೆ" ಎಂದು ಅವಸರ ಮಾಡಿದರೆ ಬರಲಿ ಬಿಡಿ.

ಮಾರುವವರಿಗೂ ವಕೀಲರು ಬೇಕು. ಹೊರದೇಶದಲ್ಲಿರುವ ನಮ್ಮ ಮಕ್ಕಳು ಊರಿನ ಮನೆ ಮಾರುವಾಗ ಇದನ್ನು ಮರೆಯುತ್ತಾರೆ. ಅಲ್ಲಿಂದ ಕಳಿಸುವ ಅಧಿಕಾರಪತ್ರವನ್ನು ಭಾರತೀಯ ದೂತಾವಾಸದಲ್ಲೋ ನೋಟರಿ ಮುಂದೆಯೋ ಕ್ರಮವಾಗಿ ಮಾಡಿಸಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇಲ್ಲಿನ ನಿವಾಸಿ 50 ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಗೆ ಮಾರಿದರೆ ಕೊಳ್ಳುವವರು ಶೇ. 1 ಟಿಡಿಎಸ್ (ಬೆಲೆಯಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಅನಿವಾಸಿ ಮಾರಿದರೆ ಲೆಕ್ಕವೇ ಬೇರೆ, ಹಿಡಿಯುವ ಮೊತ್ತವೂ ದೊಡ್ಡದು. ಬಾಕಿ ಹಣ ಯಾವ ದಿನದೊಳಗೆ, ತಪ್ಪಿದರೆ ಮುಂಗಡದ ಗತಿ ಏನು, ಸ್ವಾಧೀನ ಯಾವಾಗ ಎಂಬುದೆಲ್ಲ ಕರಾರಿನಲ್ಲೇ ಇರಲಿ. ಮೂಲ ಪತ್ರಗಳನ್ನು ಕೊಟ್ಟಾಗ ಪಟ್ಟಿ ಮಾಡಿ ಸ್ವೀಕೃತಿ ಬರೆಸಿಕೊಳ್ಳಿ, ಎಲ್ಲದರ ಒಂದು ಪ್ರತಿ ನಿಮ್ಮಲ್ಲಿರಲಿ. ಆದಾಯ ತೆರಿಗೆಯವರು ಕೇಳಿದಾಗ ಕೊಂಡವರ ಮನೆ ಬಾಗಿಲಿಗೆ ಹೋಗಬೇಕಾಗುವುದಿಲ್ಲ.