ಸ್ವಲ್ಪ ತಡೀರಿ, ಸೆಟ್ಟಿಂಗ್ ಮಾಡ್ತಿದ್ದೀನಿ

ಹೊಸ ಕ್ಯಾಮೆರಾದ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ ಅಂತ ಮಾಡಿದವರಿಗೂ ಗೊತ್ತಾಗಿರಬೇಕು. ಈಗ ಡಬ್ಬದೊಳಗೆ ಮಡಚಿದ ಒಂದು ಹಾಳೆ ಇಟ್ಟು, ಉಳಿದದ್ದನ್ನು ಇಂಟರ್ನೆಟ್ಟಿನಲ್ಲಿ ನೋಡಿಕೊಳ್ಳಿ ಅಂತಾರೆ. ನೋಡಿದೆ. ಐನೂರು ಪುಟ ದಾಟಿತ್ತು. ಮುಚ್ಚಿಟ್ಟು ಹಾಳೆಗೇ ವಾಪಸ್ ಬಂದೆ. ಬ್ಯಾಟರಿ ಹೇಗೆ ಹಾಕಬೇಕು, ಕತ್ತಿಗೆ ನೇತುಹಾಕುವ ಬೆಲ್ಟ್ ಹೇಗೆ ಕಟ್ಟಬೇಕು ಅಂತ ಅದರಲ್ಲಿತ್ತು. ಬೆಲ್ಟ್ ಚೆನ್ನಾಗಿ ಕಟ್ಟಿದೆ. ಕನ್ನಡಿ ಮುಂದೆ ನಿಂತು ನೋಡಿಕೊಂಡರೆ ಪೂರ್ತಿ ಫೋಟೊಗ್ರಾಫರ್ ಥರಾನೇ ಕಾಣುತ್ತಿದ್ದೆ.

ಅಪ್ಪನ ಹತ್ತಿರ ಆಗ್ಫಾ ಕ್ಲಿಕ್ ತ್ರೀ ಇತ್ತು. 120ರ ರೀಲು, ಒಂದು ರೀಲಿಗೆ 12 ಫೋಟೊ. ಲೆನ್ಸಿನ ಹತ್ತಿರ ಒಂದು ಮೋಡದ ಗುರುತು, ಒಂದು ಸೂರ್ಯನ ಗುರುತು. ಆಕಾಶ ನೋಡು, ತಿರುಗಿಸು, ಒತ್ತು. ಅಷ್ಟೇ ವಿದ್ಯೆ. ಹನ್ನೆರಡಕ್ಕೆ ಹನ್ನೆರಡೂ ಬರ್ತಿತ್ತು ಅಂತ ಅಪ್ಪ ಈಗಲೂ ಹೇಳುತ್ತಾರೆ. ಬಂದಿರೋದು ನಿಜ. ಆದರೆ ಸೂರ್ಯ ಫೋಟೊ ತೆಗೆಯುವವರ ಬೆನ್ನಿಗೇ ಇರಬೇಕು ಅಂತ ಆಗಿನ ಕಾನೂನು. ಹಾಗಾಗಿ ನಮ್ಮ ಆಲ್ಬಮ್ಮಿನಲ್ಲಿ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸಾಲ ಕೊಟ್ಟು ಕಳಕೊಂಡವರ ಹಾಗೆ ನಿಂತಿದ್ದಾರೆ.

ನನ್ನ ಕ್ಯಾಮೆರಾದ ತಲೆ ಮೇಲೆ ಒಂದು ಚಕ್ರ ಇದೆ. ಅದರ ಮೇಲೆ ಪಿ, ಎ, ಎಸ್, ಎಂ ಅಂತ ಅಕ್ಷರಗಳು, ಮಧ್ಯೆ ಹಸಿರು ಬಣ್ಣದಲ್ಲಿ ಆಟೋ. ಹಸಿರಿಗೆ ಇಟ್ಟರೆ ಕ್ಯಾಮೆರಾ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೆ. ಹಾಗೇ ಬಿಟ್ಟಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ. ಆದರೆ ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಪ್ರತಿ ಭಾನುವಾರ ಬೆಳಗಿನ ಜಾವ ಯಾವುದಾದರೂ ಕೆರೆ ದಂಡೆಯಲ್ಲಿ ಬಿದ್ದುಕೊಂಡು ಹಕ್ಕಿ ಫೋಟೊ ತೆಗೆಯುವವನು. ಅವನು ನನ್ನ ಕ್ಯಾಮೆರಾ ಕೈಯಲ್ಲಿ ಹಿಡಿದು, ಆ ಹಸಿರನ್ನು ನೋಡಿ, ಬಹಳ ಮೆಲ್ಲಗೆ ಹೇಳಿದ: “ಆಟೋದಲ್ಲೇ ತೆಗೆಯೋದಾದ್ರೆ ಫೋನೇ ಸಾಕಿತ್ತಲ್ವಾ ಮೇಡಂ?”

ನಲವತ್ತು ಸಾವಿರ ಕೊಟ್ಟವರಿಗೆ ಇಂಥ ಮಾತು ನಾಟುತ್ತೆ.

ಕ್ಯಾಂಟೀನಿನಲ್ಲಿ ಟಿಶ್ಯೂ ಪೇಪರ್ ಮೇಲೆ ಅವನೇ ಪಾಠ ಮಾಡಿದ. ಎಫ್ ನಂಬರ್ ಅಂದರೆ ಭಾಗಾಕಾರ ಅಂತೆ. ಲೆನ್ಸಿನ ಫೋಕಲ್ ಲೆಂಗ್ತ್ 50 ಮಿಲಿಮೀಟರ್, ಒಳಗಿನ ತೂತಿನ ಅಗಲ 25 ಆದರೆ ಎಫ್ 2. ತೂತು ಆರೂಕಾಲಕ್ಕೆ ಇಳಿದರೆ ಎಫ್ 8. ಅಂದರೆ ನಂಬರ್ ಚಿಕ್ಕದಾದಷ್ಟೂ ತೂತು ದೊಡ್ಡದು, ಬೆಳಕು ಜಾಸ್ತಿ, ಹಿಂದಿರೋದೆಲ್ಲ ಮಸುಕು. ನಂಬರ್ ದೊಡ್ಡದಾದರೆ ಎಲ್ಲಾ ಉಲ್ಟಾ. “ಅರ್ಥ ಆಯ್ತಾ ಮೇಡಂ?” ಅಂದ. ಆಯ್ತು ಅಂದೆ. ಭಾಗಾಕಾರಕ್ಕೂ ನನಗೂ ಮಿಡ್ಲ್ ಸ್ಕೂಲಿನಿಂದಲೇ ಮಾತುಕತೆ ಇಲ್ಲ ಅಂತ ಕಾಫಿ ಕೊಡಿಸಿದವನಿಗೆ ಹೇಳೋದು ಹೇಗೆ?

ಮನೆಗೆ ಬಂದು ಚಕ್ರವನ್ನು ‘ಎಂ’ ಅಕ್ಷರಕ್ಕೆ ತಿರುಗಿಸಿದೆ, ಅಂದರೆ ಎಲ್ಲವನ್ನೂ ನಾವೇ ಹೊಂದಿಸಬೇಕಾದ ಮ್ಯಾನ್ಯುಯಲ್. ಕ್ಯಾಮೆರಾದ ಕಿಟಕಿಯಲ್ಲಿ ಕಣ್ಣಿಟ್ಟರೆ ತುಳಸಿಕಟ್ಟೆ ಮಸುಕು. ಗೋಡೆ ಮಸುಕು. ಸೋಫಾದ ಮೇಲಿದ್ದ ನಮ್ಮ ಮನೆಯವರೂ ಮಸುಕು. ಲೆನ್ಸ್ ಒರೆಸಿದೆ, ಕನ್ನಡಕ ಒರೆಸಿದೆ, ಕಣ್ಣೂ ಒರೆಸಿಕೊಂಡೆ. ನಲವತ್ತೈದು ದಾಟಿದ ಮೇಲೆ ಇಂಥದ್ದಕ್ಕೆ ಮೊದಲು ಅನುಮಾನ ಬರೋದು ಕಣ್ಣಿನ ಮೇಲೆ. ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಕೆಳಗಿನ ಸಾಲಿನ ಅಕ್ಷರಗಳನ್ನೂ ಗಟಗಟ ಓದಿದೆ. ಅವರು ನಂಬರ್ ಏನೂ ಬದಲಾಗಿಲ್ಲ ಅಂದು ಫೀಸ್ ತಗೊಂಡರು. ಹೊರಡುವಾಗ ಕ್ಯಾಮೆರಾ ವಿಷಯ ಹೇಳಿದರೆ ನಕ್ಕು, “ಅದರ ಕಿಟಕಿ ಪಕ್ಕ ಒಂದು ಪುಟ್ಟ ಗಾಲಿ ಇರುತ್ತೆ ನೋಡಿ, ಅದನ್ನ ತಿರುಗಿಸಿ” ಅಂದರು. ಇತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡ ಹಲ್ಲುಗಳಿರುವ ಕಪ್ಪು ಗಾಲಿ. ನೋಡುವವರ ಕಣ್ಣಿಗೆ ತಕ್ಕ ಹಾಗೆ ಕಿಟಕಿಯನ್ನು ಹೊಂದಿಸಿಕೊಳ್ಳಲು ಅಂತ ಇಟ್ಟಿದ್ದಾರೆ. ನಾದಿನಿಯ ಮಗ ಹಿಂದಿನ ದಿನ ಅದನ್ನು ಕೊನೆಯವರೆಗೂ ತಿರುವಿ ಹೋಗಿದ್ದ. ಕಿಟಕಿಯಲ್ಲಷ್ಟೇ ಮಸುಕು, ಫೋಟೊಗಳೆಲ್ಲ ಸ್ಪಷ್ಟವಾಗಿಯೇ ಬಿದ್ದಿದ್ದವು.

ಆಮೇಲೆ ರಂಗನತಿಟ್ಟು. ಮೈಸೂರಿನವರು ಕ್ಯಾಮೆರಾ ತಗೊಂಡರೆ ಮೊದಲ ಭಾನುವಾರ ಅಲ್ಲಿಗೇ ಹೋಗಬೇಕು, ಅದೊಂಥರಾ ಹರಕೆ. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಒಡೆಯರ್ ಅದನ್ನು ಪಕ್ಷಿಧಾಮ ಮಾಡಿದರು. ಆದರೆ ಸಲೀಂ ಅಲಿಯವರ ಕೈಯಲ್ಲಿ ಬೈನಾಕ್ಯುಲರ್ ಇತ್ತು. ನನ್ನ ಕೈಯಲ್ಲಿ ಕ್ಯಾಮೆರಾ ಜೊತೆ ಪುಕ್ಕಟೆ ಬಂದ, ದೂರದ್ದನ್ನು ಹತ್ತಿರ ತರಲಾರದ 18-55 ಲೆನ್ಸ್. ಮರದ ತುಂಬಾ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಗಲಾಟೆ ಮಾಡುತ್ತಿವೆ. ಫೋಟೊದಲ್ಲಿ ಮರ ಇದೆ, ಮರದ ಮೇಲೆ ಯಾರೋ ಸುಣ್ಣ ಎರಚಿದ ಹಾಗಿದೆ. ಪಕ್ಕದಲ್ಲಿ ಕೂತಿದ್ದವರ ಲೆನ್ಸ್ ನನ್ನ ಮೊಣಕೈವರೆಗೂ ಬರುತ್ತಿತ್ತು. ಅವರು ಹಕ್ಕಿಯ ಕಣ್ಣಿನ ಹೊಳಪು ನೋಡುತ್ತಿದ್ದರು.

ದೋಣಿ ನಡೆಸುವವರಿಗೆ ಎಲ್ಲಾ ಗೊತ್ತಿರುತ್ತೆ. ನನ್ನ ಲೆನ್ಸಿನ ಕಡೆ ಒಂದೇ ಸಲ ನೋಡಿ, “ನೀವು ಮೊಸಳೆ ತೆಗೀರಿ ಮೇಡಂ, ನಿಮ್ ಲೆನ್ಸಿಗೆ ಅದೇ ಸರಿ. ಅದು ಎಲ್ಲೂ ಹೋಗಲ್ಲ” ಅಂದರು. ಹೇಳಿದ್ದಷ್ಟೇ ಅಲ್ಲ, ಬಂಡೆ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ ಒಂದರ ಹತ್ತಿರಕ್ಕೇ ದೋಣಿ ತಿರುಗಿಸಿದರು. ನಮ್ಮ ಮನೆಯವರು ನನ್ನ ಬೆಲ್ಟ್ ಹಿಡಿದುಕೊಂಡರು, ನನ್ನನ್ನು ಹಿಡಿದುಕೊಳ್ಳಲಿಲ್ಲ. ಅರ್ಧ ಒತ್ತಿ ಫೋಕಸ್ ಮಾಡಿ, ಆಮೇಲೆ ಪೂರ್ತಿ ಒತ್ತಬೇಕು ಅನ್ನೋದು ಪಾಠ. ಅರ್ಧ ಒತ್ತಿದೆ. ಮೊಸಳೆ ಬಾಯಿ ಮುಚ್ಚಿತು. ತೆರೆಯಲಿ ಅಂತ ಕಾದೆ. ಅದಕ್ಕೆ ನನಗಿಂತ ಜಾಸ್ತಿ ತಾಳ್ಮೆ. ಕೊನೆಗೆ ಬಂದ ಫೋಟೊದಲ್ಲಿ ದೋಣಿಯ ಹುಟ್ಟಿನ ಮೇಲಿನ ನೀರಿನ ಹನಿಗಳು ಎಣಿಸುವಷ್ಟು ಸ್ಪಷ್ಟವಾಗಿವೆ. ಹಿಂದೆ ಬೂದು ಬಣ್ಣದ ಏನೋ ಉದ್ದಕ್ಕೆ ಬಿದ್ದಿದೆ.

ಇವೆಲ್ಲ ಸಣ್ಣಪುಟ್ಟವು. ನಿಜವಾದ ಪರೀಕ್ಷೆ ಅಂದರೆ ತಂಗಿಯ ಮನೆ ಗೃಹಪ್ರವೇಶ. “ಸುಮ್ನೆ ಯಾಕೆ ಫೋಟೊದವರಿಗೆ ದುಡ್ಡು, ಅಕ್ಕನ ಹತ್ರ ಕ್ಯಾಮೆರಾ ಇದೆಯಲ್ಲ” ಅಂತ ಅಮ್ಮ ಅಂದರು. ಯಾರೂ ಬೇಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಗೃಹಪ್ರವೇಶದಲ್ಲಿ ಹೋಮದ ಫೋಟೊ ಬರದಿದ್ದರೂ ನಡೆಯುತ್ತೆ, ಹಾಲು ಉಕ್ಕುವ ಫೋಟೊ ಬರಲೇಬೇಕು. ಹೊಸ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಹೂ ಸುತ್ತಿ, ಒಲೆ ಮೇಲಿಟ್ಟಿದ್ದರು. ತಂಗಿ, ಅವಳ ಗಂಡ ಕೈಮುಗಿದು ನಿಂತಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿ, “ಫೋಟೊದವರು ರೆಡಿನಾ?” ಅಂದರು. ಈಗಿನ ಪುರೋಹಿತರಿಗೆ ನಮಗಿಂತ ಚೆನ್ನಾಗಿ ಫೋಟೊಗ್ರಫಿ ಗೊತ್ತು. ಎಲ್ಲಿ ಅಕ್ಷತೆ ತಡೆಹಿಡಿಯಬೇಕು, ಯಾವಾಗ ದಂಪತಿಗಳ ಮುಖ ಕ್ಯಾಮೆರಾ ಕಡೆ ತಿರುಗಿಸಬೇಕು, ಎಲ್ಲಾ ಲೆಕ್ಕ ಇರುತ್ತೆ. ನಾನು, “ಸ್ವಲ್ಪ ತಡೀರಿ, ಸೆಟ್ಟಿಂಗ್ ಮಾಡ್ತಿದ್ದೀನಿ” ಅಂದೆ. ಅವರು ತಡೆದರು. ಹಾಲು ತಡೆಯಲಿಲ್ಲ.

ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು. ಕೆನೆ ಮಧ್ಯದಲ್ಲಿ ಉಬ್ಬಿತು. ಇನ್ನೇನು ಬಂತು ಅನ್ನುವಾಗ ಒತ್ತಿದೆ. ಕ್ಲಿಕ್ ಅನ್ನಲಿಲ್ಲ. ಕ್ಯಾಮೆರಾದ ಮುಂದೆ ಒಂದು ಕೆಂಪು ದೀಪ ಹತ್ತಿ, ಬೀಪ್… ಬೀಪ್… ಬೀಪ್… ಅಂತ ಶುರುವಾಯಿತು. ಹಿಂದಿನ ರಾತ್ರಿ ನಾವಿಬ್ಬರೂ ಒಟ್ಟಿಗೆ ಇರುವ ಫೋಟೊಗೆ ಅಂತ ಸೆಲ್ಫ್ ಟೈಮರ್ ಹಾಕಿದ್ದು ಹಾಗೇ ಉಳಿದಿತ್ತು. ಹತ್ತು ಸೆಕೆಂಡ್. ಕೇಳೋಕೆ ಕಡಿಮೆ ಅನ್ನಿಸುತ್ತೆ. 1975ರಲ್ಲಿ ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ, ಒಂದೇ ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಹಿಡಿಯುತ್ತಿತ್ತು. ಸದ್ಯ, ಆತನನ್ನು ಯಾರೂ ಗೃಹಪ್ರವೇಶಕ್ಕೆ ಕರೆದಿರಲಿಲ್ಲ.

ಅಷ್ಟರಲ್ಲಿ ಹಾಲು ಪೂರ್ವಕ್ಕೂ ಉಕ್ಕಿತು, ಪಶ್ಚಿಮಕ್ಕೂ ಉಕ್ಕಿತು, ಒಲೆ ಆರಿತು, ಹೊಸ ಗ್ರಾನೈಟಿನಿಂದ ಇಳಿದು ತಂಗಿಯ ರೇಷ್ಮೆ ಸೀರೆಯ ಅಂಚಿಗೆ ಬಂತು. ಆಗ ಕ್ಲಿಕ್. ಆ ಫೋಟೊ ಈಗಲೂ ಇದೆ. ಅದರಲ್ಲಿ ತಂಗಿಯ ಗಂಡನ ಬೆನ್ನಿದೆ, ಬಟ್ಟೆ ಹಿಡಿದ ಅಮ್ಮನ ಕೈ ಇದೆ, ಗ್ಯಾಸ್ ಆಫ್ ಮಾಡಲು ನುಗ್ಗಿದ ಯಾರದೋ ಮೊಣಕೈ ಇದೆ. ಪುರೋಹಿತರು ಮಾತ್ರ ಕೈ ಎತ್ತಿ ಆಶೀರ್ವಾದ ಮಾಡುತ್ತಾ ನೇರವಾಗಿ ಲೆನ್ಸ್ ನೋಡಿ ನಗುತ್ತಿದ್ದಾರೆ. ಬೀಪ್ ನಿಂತ ಮೇಲೆ ಕ್ಲಿಕ್ ಬರುತ್ತೆ ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ.

“ಪರ್ವಾಗಿಲ್ಲಮ್ಮ, ಇನ್ನೊಂದು ಸಲ ಉಕ್ಕಿಸಿ. ಜಾಸ್ತಿ ಉಕ್ಕಿದಷ್ಟೂ ಒಳ್ಳೇದೇ” ಅಂದರು ಅವರೇ. ಯಾರೋ ಓಡಿಹೋಗಿ ನಂದಿನಿ ನೀಲಿ ಪ್ಯಾಕೆಟ್ ತಂದರು. ಈ ಸಲ ಹಾಲೂ ಉಕ್ಕಿತು, ಕ್ಯಾಮೆರಾನೂ ಆ ಕ್ಷಣಕ್ಕೇ ಕ್ಲಿಕ್ ಅಂತು. ಫೋಕಸ್ ಸರಿ, ಬೆಳಕು ಸರಿ. ಆದರೆ ಬೆಳಕಿಗೆ ತಕ್ಕ ಹಾಗೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಹಳೇ ಹಳದಿ ಬಲ್ಬಿನ ಗುರುತಿನಲ್ಲಿತ್ತು, ಅಡುಗೆಮನೆಯಲ್ಲಿ ಹಗಲಿನ ಬೆಳಕಿತ್ತು. ಹಾಲು, ಪಾತ್ರೆ, ತಂಗಿ, ಅವಳ ಗಂಡ, ಎಲ್ಲಾ ನೀಲಿ. “ಪ್ಯಾಕೆಟ್ ಬಣ್ಣ ಹಾಲಿಗೂ ಹತ್ಕೊಂಡಿದೆ ಅಕ್ಕ” ಅಂದ ತಂಗಿಯ ಗಂಡ. ಪಾಪ, ಮನೆ ಸಾಲದ ನಡುವೆಯೂ ಅವನಿಗೆ ಹಾಸ್ಯ ಬರುತ್ತೆ.

ರಾ ಫೈಲ್, ಅಂದರೆ ಕ್ಯಾಮೆರಾ ಇನ್ನೂ ಅಡುಗೆ ಮಾಡದ ಹಸಿ ಫೋಟೊ, ತೆಗೆದಿದ್ದರೆ ಆಮೇಲೆ ಬಣ್ಣ ಸರಿ ಮಾಡಬಹುದಿತ್ತಂತೆ, ಆಫೀಸಿನ ಹುಡುಗ ಸೋಮವಾರ ಹೇಳಿದ. ಒಂದೊಂದು ಇಪ್ಪತ್ತೈದು ಎಂಬಿ. ಮುಂದೆ ಒಮ್ಮೆ ಹಾಗೂ ತೆಗೆದು ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ. ಎಲ್ಲರೂ “ಓಪನ್ ಆಗ್ತಿಲ್ಲ” ಅಂತ ಉತ್ತರ ಕೊಟ್ಟರು. ಚಿಕ್ಕಪ್ಪ ಮಾತ್ರ ಕೈಮುಗಿಯುವ ಚಿತ್ರ ಹಾಕಿ, “ತುಂಬಾ ಚೆನ್ನಾಗಿದೆ” ಅಂದರು. ಅವರು ಎಲ್ಲಕ್ಕೂ ಹಾಗೇ ಅನ್ನೋದು.

ಹಾಲಿಗಿಂತ ದೊಡ್ಡ ರಂಪ ಆದದ್ದು ಗ್ರೂಪ್ ಫೋಟೊದಿಂದ. ಗೃಹಪ್ರವೇಶದ ಊಟ ಆದ ಮೇಲೆ ಹಾಲ್‌ನಲ್ಲಿ ಎರಡು ಸಾಲು ಮಾಡಿ ನಿಲ್ಲಿಸಿದೆ. ಹಾಲ್ ಕತ್ತಲು, ನಾನು ಬಾಗಿಲ ಹೊರಗೆ ಹೋಗಿ ನಿಂತಿದ್ದೆ. ಬೆಳಕು ಸಾಲದು ಅಂತ ಹೊಸದಾಗಿ ತಂದ 50ರ ಲೆನ್ಸ್ ಹಾಕಿ ಎಫ್ 1.8ಕ್ಕೆ ಇಟ್ಟೆ. ಚೆನ್ನಾಗಿ ಬೆಳಗಿತು. ಟಿಶ್ಯೂ ಪೇಪರ್ ಪಾಠದ ಉಳಿದರ್ಧವನ್ನು ಕ್ಯಾಮೆರಾ ಮರೆತಿರಲಿಲ್ಲ. ಮುಂದಿನ ಸಾಲಿನವರ ಮೂಗುತಿಯ ಹರಳು ಎಣಿಸಬಹುದು, ಹಿಂದಿನ ಸಾಲು ಮಂಜಿನೊಳಗೆ. ಮುಂದೆ ಕೂತವರು ನಮ್ಮ ಕಡೆಯವರು. ಹಿಂದೆ ನಿಂತವರು ತಂಗಿಯ ಅತ್ತೆ ಕಡೆಯವರು.

ತಂಗಿಯ ಅತ್ತೆ ಏನೂ ಅನ್ನಲಿಲ್ಲ. “ನಾವು ಹೇಗೆ ಬಂದ್ರೆ ಏನಮ್ಮ, ಹಿಂದೆ ನಿಂತೋರು ತಾನೆ” ಅಂತ ಅಮ್ಮನ ಹತ್ತಿರ ಒಂದೇ ಮಾತು ಹೇಳಿದರು. ಅಮ್ಮ ಅದನ್ನು ದೀಪಾವಳಿವರೆಗೂ ನನಗೆ ಕೇಳಿಸುತ್ತಲೇ ಇದ್ದರು. ಎಫ್ ನಂಬರ್ ಅಂತ ಒಂದಿರುತ್ತೆ, ಭಾಗಾಕಾರ ಮಾಡಬೇಕು ಅಂತ ಬೀಗಿತ್ತಿಗೆ ವಿವರಿಸಲು ಹೋದವರು ಯಾರಾದರೂ ಇದ್ದರೆ ನನಗೆ ತಿಳಿಸಿ.

ಹಾಗಾಗಿ ತಂಗಿಯ ಸೀಮಂತದ ದಿನ ಯಾವ ಅಪಾಯಕ್ಕೂ ಕೈ ಹಾಕಲಿಲ್ಲ. ಟೆರೇಸ್ ಮೇಲೆ, ಒಳ್ಳೇ ಬೆಳಕಿನಲ್ಲಿ, ಎಫ್ 8. ಎರಡೂ ಸಾಲು, ಎರಡೂ ಕಡೆಯವರು, ಹಿಂದಿನ ನೀರಿನ ಟ್ಯಾಂಕಿನ ಮೇಲಿನ ಅಕ್ಷರ ಕೂಡ ಸ್ಪಷ್ಟ. ಕ್ಯಾಮೆರಾದ ಪರದೆಯಲ್ಲಿ ಹೆಮ್ಮೆಯಿಂದ ತೋರಿಸಿದೆ. ಚಿಕ್ಕಮ್ಮ ಬೆರಳಿನಿಂದ ತಮ್ಮ ಮುಖ ದೊಡ್ಡದು ಮಾಡಿ ನೋಡಿದರು, ಇನ್ನೂ ದೊಡ್ಡದು ಮಾಡಿದರು.

“ಏನೇ ಇದು, ಕಣ್ಣ ಕೆಳಗಿನ ಗೆರೆ ಎಲ್ಲಾ ಕಾಣ್ತಿದೆ! ಹೋದ ಸಲ ಬೀಗರ ಕಡೆಯವರನ್ನ ಎಷ್ಟು ನುಣ್ಣಗೆ ತೆಗೆದಿದ್ದೆ. ಅವರೆಲ್ಲ ಹತ್ತು ವರ್ಷ ಚಿಕ್ಕವರ ಹಾಗೆ ಕಾಣ್ತಿದ್ರು. ನಾವೇನು ಪಾಪ ಮಾಡಿದ್ವಿ? ಮುಂದಿನ ಸಲ ನಮ್ಮನ್ನ ಹಿಂದಿನ ಸಾಲಿಗೆ ಹಾಕು.”

ಈ ಮಾತು ತಂಗಿಯ ಅತ್ತೆಯ ಕಿವಿಗೂ ಬಿತ್ತು. ನಾಮಕರಣದಲ್ಲಿ ಗ್ರೂಪ್ ಫೋಟೊ ಅಂತ ಕೂಗಿದಾಗ ಎರಡೂ ಕಡೆಯವರು ಹಿಂದಿನ ಸಾಲಿಗೇ ನುಗ್ಗಿದರು. ಮುಂದೆ ಹಾಕಿದ್ದ ಕುರ್ಚಿಗಳು ಖಾಲಿ. ಕೊನೆಗೆ ಸುಕ್ಕಿನ ಭಯವಿಲ್ಲದ ಮಕ್ಕಳನ್ನೇ ಹಿಡಿದು ತಂದು ಕೂರಿಸಿದೆವು. ನಾನು ಅರ್ಧ ಒತ್ತುವಷ್ಟರಲ್ಲಿ ಕೆಳಗೆ ಎಲೆ ಹಾಕಿದ ಸದ್ದಾಯಿತು. ಅವರೂ ಎದ್ದು ಓಡಿದರು.