ಕಿಸ್ ಕಿಸ್ ಮತ್ತು ಅತ್ತೆಯ ಬಾದಾಮಿ ಹಾಲು

ತಪ್ಪು ನನ್ನದೇ. ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಯಲ್ಲಿ ರೋಲ್ಡ್ ಡಾಲ್ ಹೆಸರು ಕಂಡಿತು. ಇವನ ಚಾಕಲೇಟ್ ಫ್ಯಾಕ್ಟರಿ ಕಥೆ ಓದಿ ಓದಿ ನನ್ನ ಮಗಳು ಆ ಪುಸ್ತಕದ ರಟ್ಟು ಕಿತ್ತಿಟ್ಟಿದ್ದಾಳೆ. ಇದನ್ನೂ ಓದಿಕೊಳ್ಳಲಿ ಅಂತ 80 ರೂಪಾಯಿ ಕೊಟ್ಟು ಬ್ಯಾಗಿಗೆ ಹಾಕಿಕೊಂಡೆ. ಪುಸ್ತಕದ ಹೆಸರು ‘ಕಿಸ್ ಕಿಸ್’ ಅನ್ನೋದು ತಲೆಗೆ ಹೋಗಿದ್ದು ಮೈಸೂರಿನ ರೈಲಿನಲ್ಲಿ. ಎದುರು ಸೀಟಿನ ಹಿರಿಯರು ಒಮ್ಮೆ ರಕ್ಷಾಪುಟವನ್ನೂ ಒಮ್ಮೆ ನನ್ನ ನರೆತ ತಲೆಯನ್ನೂ ನೋಡಿ ಕಿಟಕಿ ಕಡೆ ತಿರುಗಿಕೊಂಡರು.

1960ರ ಪುಸ್ತಕ. ಚಾಕಲೇಟ್ ಫ್ಯಾಕ್ಟರಿ ಬರೋದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಹನ್ನೊಂದು ಕಥೆ. ಮುತ್ತಿಗಿಂತ ಕುತ್ತೇ ಜಾಸ್ತಿ. ಮಗಳ ಕೈಗೆ ಸಿಗದ ಹಾಗೆ ಬಟ್ಟೆಗಳ ಅಡಿಗೆ ತುರುಕಿದೆ.

ಅತ್ತೆ ಮನೆಯಲ್ಲಿ ಎಲ್ಲರೂ ಮಲಗಿದ್ದ ಮಧ್ಯಾಹ್ನ, ಜಾಣತನ ಮಾಡಿ ಪುಸ್ತಕಕ್ಕೆ ನ್ಯೂಸ್ ಪೇಪರ್ ರ‍್ಯಾಪರ್ ಹಾಕಿದೆ. ಅದೇ ಮುಳುವಾಯಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅತ್ತೆಯ ಪಿಸುಮಾತು ಕೇಳಿಸಿತು. “ಪೇಪರ್ ಸುತ್ತಿಕೊಂಡು ಓದೋ ಪುಸ್ತಕ ಎಂಥದ್ದು ಅಂತ ನನಗೆ ಗೊತ್ತಿಲ್ವೇನೇ?”

ನಾನು ಆಗ ಮೊದಲ ಕಥೆಯಲ್ಲಿದ್ದೆ. ಇಂಗ್ಲೆಂಡಿನ ಬಾತ್ ಅನ್ನೋ ಊರಿಗೆ ಹದಿನೇಳರ ಹುಡುಗನೊಬ್ಬ ಬರುತ್ತಾನೆ. ರಾತ್ರಿ ತಂಗೋಕೆ ಜಾಗ ಬೇಕು. ಒಬ್ಬ ಹೆಂಗಸು ಅಕ್ಕರೆಯಿಂದ ಒಳಗೆ ಕರೆಯುತ್ತಾಳೆ. ಬಾಡಿಗೆ ಬಹಳ ಕಡಿಮೆ. ಬೆಂಕಿಯ ಮುಂದೆ ನಾಯಿ ಮಲಗಿದೆ, ಪಂಜರದಲ್ಲಿ ಗಿಳಿ. ಎರಡೂ ಅಲುಗಾಡೋದಿಲ್ಲ. ಅತಿಥಿಗಳ ಪುಸ್ತಕದಲ್ಲಿ ಎರಡೇ ಹೆಸರು. ಅವಳು ಚಹಾ ಕೊಡುತ್ತಾಳೆ. ಅದರಲ್ಲಿ ಕಹಿ ಬಾದಾಮಿಯ ರುಚಿ. ಸಯನೈಡ್‌ಗೂ ಕಹಿ ಬಾದಾಮಿಯ ವಾಸನೆಯೇ. ಡಾಲ್ ಅದನ್ನು ಬಿಡಿಸಿ ಹೇಳೋದಿಲ್ಲ. ಚಹಾ ಕುಡಿಸಿ ಸುಮ್ನೆ ಎದ್ದು ಹೋಗುತ್ತಾನೆ.

“ಅಳಿಯಂದ್ರೇ, ಬಾದಾಮಿ ಹಾಲು.”

ಅತ್ತೆ ಬೆಳ್ಳಿ ಲೋಟ ಹಿಡಿದು ನಿಂತಿದ್ದರು. “ನೀವೂ ತಗೊಳ್ಳಿ ಅತ್ತೆ” ಅಂದೆ, ಗಂಟಲು ಒಣಗಿತ್ತು. “ನನಗೆ ಶುಗರ್ ಅಲ್ವಾ. ಇದು ನಿಮಗೇ ಅಂತ ಮಾಡಿದ್ದು.” ಶೋಕೇಸಿನಲ್ಲಿ ಅತ್ತೆ ಕೈಯಾರೆ ಪೋಣಿಸಿದ ಮಣಿಯ ಗಿಳಿ. ಅದೂ ಅಲುಗಾಡುತ್ತಿರಲಿಲ್ಲ. ಮೂಸಿ ನೋಡಿ ಒಂದು ಗುಟುಕು ಕುಡಿದೆ. ಏಲಕ್ಕಿ, ಕೇಸರಿ ಎಲ್ಲ ಹದ. ಹೋಗೋದೇ ಆದರೆ ಹೀಗೇ ಹೋಗೋಣ ಅಂತ ಇನ್ನೊಂದು ಲೋಟ ಕೇಳಿದೆ.

ಈ ಕಥೆಗಳಲ್ಲಿ ನನಗೆ ಹಿಡಿಸಿದ್ದು ಇದೇ. ದೆವ್ವ ಇಲ್ಲ, ಪಾಳುಬಂಗಲೆ ಇಲ್ಲ. ಭಯ ಇರೋದು ಚಹಾದ ಕಪ್ಪಿನಲ್ಲಿ, ಮಗುವಿನ ಹಾಲಿನ ಬಾಟಲಿಯಲ್ಲಿ. ಆದರೆ ಒಂದೇ ಏಟಿಗೆ ನಾಲ್ಕು ಓದಿದರೆ ಆಸಾಮಿಯ ವರಸೆ ಗೊತ್ತಾಗಿಬಿಡುತ್ತದೆ. ಗಂಡ ಕಿರಿಕಿರಿ ಮಾಡಿದ ಅಂದರೆ ಕಥೆ ಮುಗಿಯೋ ಹೊತ್ತಿಗೆ ಅವನದ್ದು ಏನೋ ಗ್ರಹಚಾರ ಕಾದಿದೆ ಅಂತಲೇ. ಹಂದಿಯ ಹೆಸರಿನ ಕಥೆಯಂತೂ ನನಗೆ ಅತಿಯಾಯಿತು. ಕೊನೆಯದರಲ್ಲಿ ನಿದ್ರೆ ಔಷಧಿ ತುಂಬಿದ ಒಣದ್ರಾಕ್ಷಿ ಹಾಕಿ ಕಾಡುಕೋಳಿ ಕದಿಯುತ್ತಾರೆ. ಅಲ್ಲಿ ಮಾತ್ರ ನಿರಾಳವಾಗಿ ನಕ್ಕೆ.

ಹೆಂಡತಿಗೆ ಲಿಫ್ಟಿನ ಕಥೆ ಹೇಳಿದ್ದು ಎರಡನೇ ತಪ್ಪು. ನ್ಯೂಯಾರ್ಕಿನ ಒಬ್ಬ ಹೆಂಗಸಿಗೆ ವಿಮಾನ ತಪ್ಪಿಹೋಗುವ ಭಯ. ಗಂಡ ಬೇಕಂತಲೇ ತಡ ಮಾಡುತ್ತಾನೆ. ಮಗಳಿಗೆ ಕೊಡೋ ಉಡುಗೊರೆ ಮರೆತೆ ಅಂತ ಮತ್ತೆ ಮನೆಯೊಳಗೆ ಹೋಗುತ್ತಾನೆ. ಕರೆಯಲು ಬಾಗಿಲವರೆಗೆ ಬಂದವಳು ಒಳಗಿನ ಸದ್ದಿಗೆ ಕಿವಿಗೊಟ್ಟು, ಬೀಗ ತೆಗೆಯದೆ ಪ್ಯಾರಿಸ್ಸಿಗೆ ಹೊರಟುಬಿಡುತ್ತಾಳೆ. ವಾಪಸ್ ಬರೋದು ಆರು ವಾರದ ಮೇಲೆ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿರುತ್ತದೆ.

“ಪಾಪ” ಅಂದಳು. ಯಾರಿಗೆ ಅಂತ ಕೇಳಿದೆ. “ಅವಳಿಗೇ ರೀ. ಎಷ್ಟು ವರ್ಷ ತಡೆದುಕೊಂಡಿದ್ದಳೋ.” ರೈಲು ಹೊರಡೋಕೆ ಒಂದೂವರೆ ಗಂಟೆ ಮೊದಲೇ ಪ್ಲಾಟ್‌ಫಾರಂನಲ್ಲಿ ಇರಬೇಕು ಅನ್ನುವವಳು ಅವಳು. ಹೊರಡೋ ಹೊತ್ತಿಗೆ ಬಾಚಣಿಗೆ ಹುಡುಕುವವನು ನಾನು.

ಎರಡು ವಾರ ಕಳೆದು ಅವಳೊಬ್ಬಳೇ ತವರಿಗೆ ಹೊರಟಳು. ನಾನು ಸ್ಟೇಷನ್ನಿಗೆ ಬಿಟ್ಟು ಬರಬೇಕು. ಕೆಳಗೆ ಇಳಿದ ಮೇಲೆ ಸ್ಕೂಟರ್ ಕೀ ಮರೆತದ್ದು ನೆನಪಾಗಿ ಲಿಫ್ಟ್ ಹತ್ತಿದೆ. ಎರಡನೇ ಮಹಡಿ ದಾಟಿದ್ದೇ ತಡ, ಕರೆಂಟ್ ಹೋಯಿತು.

“ರೀ, ಎಲ್ಲಿದ್ದೀರಿ?”

“ಲಿಫ್ಟಿನಲ್ಲಿ ಕಣೇ!”

ಕೆಳಗಿನಿಂದ ಏನೂ ಸದ್ದಿಲ್ಲ. ಆಮೇಲೆ ಸೂಟ್‌ಕೇಸಿನ ಚಕ್ರಗಳು ಗರಗರ ಉರುಳುವುದು ಕೇಳಿಸಿತು. ಜನರೇಟರ್ ಶುರುವಾಗಿ ನಾನು ಕೆಳಗೆ ಓಡಿ ಬಂದಾಗ ಗೇಟಿನ ಹತ್ತಿರ ಆಟೋ ನಿಂತಿತ್ತು. ಸೂಟ್‌ಕೇಸ್ ಆಗಲೇ ಒಳಗಿತ್ತು. ಅವಳೂ ಕೂತಾಗಿತ್ತು. ಒಂದು ಕಾಲು ಮಾತ್ರ ಇನ್ನೂ ಹೊರಗಿತ್ತು.